ಮೀನಿನ ತೊಟ್ಟಿಗೆ ಮರಳು ಹಾಸುವ ಮುನ್ನ

ತೊಟ್ಟಿಗೆ ಮರಳು ಹಾಸಬೇಕೆಂದು ಸಲಹೆ ಕೇಳಿ ಬಂದವರಿಗೆ ನಾನು ಮೊದಲು ಕೇಳುವುದು ಒಂದೇ ಮಾತು: ತಳದಲ್ಲಿ ಓಡಾಡುವ ಮೀನು ಯಾವುದನ್ನು ಸಾಕುತ್ತೀರಿ? ಬಣ್ಣ, ಹೊಳಪು, ಅಂದಚಂದ ಎಲ್ಲವೂ ಆಮೇಲೆ. ಆ ಮೀನಿನ ಬಾಯಿಗೆ ಒಗ್ಗುವ ಮರಳನ್ನು ಆರಿಸಿದರೆ ಅರ್ಧ ಕೆಲಸ ಮುಗಿದಂತೆ.

ಕೋರಿಡೋರಾಸ್ ಎಂಬ ಪುಟ್ಟ ಮೀಸೆಮೀನು ಮೇಯುವುದನ್ನು ಹತ್ತಿರದಿಂದ ನೋಡಿದ್ದರೆ ನನ್ನ ಮಾತು ತಟ್ಟನೆ ಅರ್ಥವಾಗುತ್ತದೆ. ಮೂತಿಯನ್ನು ಕಣ್ಣಿನವರೆಗೂ ಮರಳಿನಲ್ಲಿ ಹುದುಗಿಸಿ ಬಾಯ್ತುಂಬ ಎತ್ತಿಕೊಳ್ಳುತ್ತದೆ. ಮರುಕ್ಷಣವೇ ಕಿವಿರುಗಳ ಅಂಚಿನಿಂದ ಆ ಮರಳು ಸಣ್ಣ ಹೊಗೆಯಂತೆ ಹೊರಬೀಳುತ್ತದೆ. ತಿನ್ನುವುದನ್ನು ಗಾಳಿಸಿ ಒಳಗೆ ಉಳಿಸಿಕೊಂಡು ಉಳಿದದ್ದನ್ನು ಬಿಟ್ಟುಬಿಡುವ ಕಲೆ ಅದು. ಹಲವು ವರ್ಷಗಳ ಹಿಂದೆ ನಾನು ಈ ಮೀನುಗಳನ್ನು ಒರಟು ಕಲ್ಲಿನ ತಳದ ಮೇಲೆ ಇಟ್ಟಿದ್ದೆ. ಕೆಲವೇ ತಿಂಗಳಲ್ಲಿ ಅವುಗಳ ಮೀಸೆ ಸವೆದು ಮೊಂಡಾಯಿತು. ಕಲ್ಲಿನ ಚೂಪು ಅಂಚು ಒಂದು ಕಾರಣ. ಕಲ್ಲುಗಳ ಸಂದಿಗೆ ಬಿದ್ದು ಅಲ್ಲೇ ಕೊಳೆತ ಆಹಾರ, ಅದರಿಂದ ಹತ್ತಿದ ಸೋಂಕು ಇನ್ನೊಂದು. ಆ ಮೊಂಡು ಮೀಸೆಗಳನ್ನು ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ. ಅದಾದ ಮೇಲೆ ತಳದಲ್ಲಿ ಮೇಯುವ ಮೀನಿರುವ ತೊಟ್ಟಿಗೆ ನಯವಾದ ಮರಳನ್ನಲ್ಲದೆ ಬೇರೇನನ್ನೂ ನಾನು ಹಾಕಿಲ್ಲ. ಲೋಚ್ ಜಾತಿಯ ಮೀನುಗಳಿಗೂ ಇದೇ ಮಾತು. ಗೋಲ್ಡ್‌ಫಿಶ್ ಸಹ ದಿನವಿಡೀ ನೆಲ ಕೆದಕುತ್ತದೆ, ದಪ್ಪ ಹರಳು ಅದರ ಬಾಯಲ್ಲಿ ಸಿಕ್ಕಿಕೊಳ್ಳುವುದುಂಟು. ಮರಳಿನಲ್ಲಿ ಆ ಭಯವಿಲ್ಲ.

ಮರಳಿನ ಕಾಳು ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರಿನ ಒಳಗಿದ್ದರೆ ಒಳ್ಳೆಯದು. ಹಿಟ್ಟಿನಷ್ಟು ನುಣ್ಣಗಿದ್ದರೆ ಗಟ್ಟಿಯಾಗಿ ಕೂತುಬಿಡುತ್ತದೆ, ಒಳಗೆ ನೀರಾಡುವುದಿಲ್ಲ, ಮೀನು ಬಾಲ ಬಡಿದಾಗಲೆಲ್ಲ ಎದ್ದು ನೀರು ಕಲಕುತ್ತದೆ. ಕೊಳ್ಳುವ ಮುಂಚೆ ಒಂದು ಚಿಟಿಕೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ತಿಕ್ಕಿ ನೋಡಿ. ಚರ್ಮಕ್ಕೆ ಚುಚ್ಚಿದರೆ ಬೇಡ. ಒಡೆದ ಗಾಜಿನಂತೆ ಕೋನಕೋನವಾಗಿ ಹೊಳೆಯುವುದೂ ಬೇಡ. ಗುಂಡಗೆ, ಒಂದೇ ಅಳತೆಯಲ್ಲಿ ಉರುಳುವ ಕಾಳು ಬೇಕು.

ಈಜುಕೊಳದ ಫಿಲ್ಟರುಗಳಿಗೆಂದು ಮಾರುವ ಸಿಲಿಕಾ ಮರಳು ಈ ಲಕ್ಷಣಗಳಿಗೆ ಚೆನ್ನಾಗಿ ಹೊಂದುತ್ತದೆ. ಜರಡಿ ಹಿಡಿದ ಮರಳಾದ್ದರಿಂದ ಕಾಳು ಸಮನಾಗಿರುತ್ತದೆ, ದೂಳು ಕಡಿಮೆ, ನೀರಿನ ಗುಣವನ್ನೂ ಅದು ಬದಲಿಸುವುದಿಲ್ಲ. ಕಟ್ಟಡ ಕೆಲಸದ ಮರಳನ್ನು ನಾನು ಮುಟ್ಟುವುದಿಲ್ಲ; ಅದರಲ್ಲಿ ಸಿಮೆಂಟ್, ಎಣ್ಣೆ, ಏನೇನು ಬೆರೆತಿರುತ್ತದೋ ಹೇಳಲಾಗದು, ಕಲ್ಲು ಪುಡಿ ಮಾಡಿ ತಯಾರಿಸಿದ್ದಾದರೆ ಅಂಚೂ ಚೂಪು. ಕಡಲ ತೀರದ ಮರಳಿನಲ್ಲಿ ಉಪ್ಪು ಮತ್ತು ಚಿಪ್ಪಿನ ಚೂರು ಇರುತ್ತವೆ. ಬಣ್ಣ ಬಳಿದ ಮರಳಿನ ಬಗ್ಗೆಯೂ ನನಗೆ ನಂಬಿಕೆ ಕಡಿಮೆ. ಬಣ್ಣ ಬೇಕೆಂದರೆ ಸಹಜವಾಗಿಯೇ ಕಂದು ಅಥವಾ ಕಪ್ಪಗಿರುವ ಮರಳನ್ನು ಹುಡುಕಿ. ಅಚ್ಚ ಬಿಳಿ ಮರಳಿನ ಮೇಲೆ ಹಲವು ಮೀನುಗಳು ಪೇಲವವಾಗಿ ಕಾಣುತ್ತವೆ, ಗಾಢ ನೆಲದ ಮೇಲೆ ಅವುಗಳ ಬಣ್ಣ ಅರಳುತ್ತದೆ. ಆದರೆ ಕಪ್ಪು ಮರಳನ್ನು ತಂದಾಗ ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಅದರ ಮೇಲೆ ಆಡಿಸಿ ನೋಡುವುದನ್ನು ಮರೆಯಬೇಡಿ. ಕಬ್ಬಿಣದ ಅಂಶವಿರುವ ಕಾಳುಗಳು ಅಂಟಿಕೊಂಡು ಬಂದರೆ, ಅವೇ ಕಾಳುಗಳು ನಾಳೆ ಪಂಪಿನೊಳಗಿನ ಅಯಸ್ಕಾಂತಕ್ಕೆ ಅಂಟಿ ಅದನ್ನು ತೇಯುತ್ತವೆ.

ಇನ್ನೊಂದು ಪರೀಕ್ಷೆ ವಿನೆಗರಿನದು. ಒಂದು ಚಮಚ ಒಣ ಮರಳಿನ ಮೇಲೆ ವಿನೆಗರ್ ಸುರಿದು, ಬೆಳಕಿಗೆ ಹಿಡಿದು ಗಮನಿಸಿ. ನೊರೆ ಬಂದರೆ, ಸಣ್ಣ ಗುಳ್ಳೆಗಳು ಬಿಡದೆ ಏಳುತ್ತಿದ್ದರೆ ಅದರಲ್ಲಿ ಸುಣ್ಣದ ಅಂಶವಿದೆ ಎಂದರ್ಥ. ಅಂಥ ಮರಳು ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಮತ್ತು ಗಡಸುತನವನ್ನು ಏರಿಸುತ್ತದೆ. ಆಫ್ರಿಕಾದ ಮಲಾವಿ, ಟಾಂಗನ್ಯೀಕಾ ಸರೋವರಗಳ ಸಿಕ್ಲಿಡ್ ಮೀನುಗಳಿಗೆ ಅದು ಹಿತ. ಮೃದು ನೀರಿನಲ್ಲಿ ಬೆಳೆಯುವ ಡಿಸ್ಕಸ್, ನಿಯಾನ್ ಟೆಟ್ರಾಗಳಿಗೆ ಅಲ್ಲ. ವಿನೆಗರ್ ತೀಕ್ಷ್ಣ ಆಮ್ಲವಲ್ಲವಾದ್ದರಿಂದ ಅನುಮಾನ ಉಳಿಯಬಹುದು. ಆಗ ಒಂದು ಹಿಡಿ ಮರಳನ್ನು ಗಾಜಿನ ಜಾಡಿಯ ನೀರಿನಲ್ಲಿ ವಾರ ನೆನೆಸಿಟ್ಟು, ಮೊದಲ ದಿನದ ಪಿಎಚ್ ಮತ್ತು ಕೊನೆಯ ದಿನದ ಪಿಎಚ್ ಎರಡನ್ನೂ ಅಳೆದು ಹೋಲಿಸಿ.

ಎಷ್ಟು ಬೇಕು ಎಂಬ ಲೆಕ್ಕ ಸುಲಭ. ತೊಟ್ಟಿಯ ಉದ್ದ, ಅಗಲ, ಮರಳಿನ ಆಳ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಅದನ್ನು ಒಂದೂವರೆಯಿಂದ ಗುಣಿಸಿದರೆ ಹೆಚ್ಚುಕಡಿಮೆ ಕಿಲೋ. 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ತೊಟ್ಟಿಗೆ 4 ಸೆಂಟಿಮೀಟರ್ ಆಳಕ್ಕೆ ಸುಮಾರು 11 ಕಿಲೋ. ತೊಳೆಯುವಾಗ ಹರಿದುಹೋಗುವುದಕ್ಕೆಂದು ಒಂದೆರಡು ಕಿಲೋ ಹೆಚ್ಚಿಗೇ ತನ್ನಿ.

ಇನ್ನು ತೊಳೆಯುವ ಕೆಲಸ. ತಾಳ್ಮೆ ಬೇಕಾಗುವುದು ಇಲ್ಲೇ, ಎಲ್ಲರೂ ಅವಸರ ಮಾಡುವುದೂ ಇಲ್ಲೇ. ಮರಳನ್ನೆಲ್ಲ ಒಟ್ಟಿಗೆ ಬಕೆಟ್ಟಿಗೆ ಸುರಿಯಬೇಡಿ. ತಳದಲ್ಲಿರುವುದಕ್ಕೆ ನೀರೇ ತಾಗುವುದಿಲ್ಲ. ಬಕೆಟ್ಟಿನ ಕಾಲು ಭಾಗದಷ್ಟು ಮಾತ್ರ ಹಾಕಿ, ನೀರಿನ ಪೈಪಿನ ಬಾಯಿಯನ್ನು ಮರಳಿನೊಳಕ್ಕೇ ಇಳಿಸಿ, ಇನ್ನೊಂದು ಕೈಯಿಂದ ತಳದವರೆಗೂ ಬೆರಳಾಡಿಸಿ ತಿರುವುತ್ತಾ ಇರಿ. ಮೊದಲ ನೀರು ಕೆಸರಿನಂತೆ ಉಕ್ಕಿ ಹರಿಯುತ್ತದೆ. ಎರಡು ಕ್ಷಣ ಬಿಟ್ಟರೆ ಭಾರದ ಕಾಳು ಕೆಳಗಿಳಿಯುತ್ತದೆ, ದೂಳು ಮೇಲೆ ತೇಲುತ್ತದೆ. ಆ ಗಳಿಗೆಯಲ್ಲೇ ಬಕೆಟ್ ಬಾಗಿಸಿ ಬಸಿಯಬೇಕು. ಎಂಟು ಸಲ, ಹತ್ತು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಕದಡಿದ ಮೇಲೂ ನೀರಿನ ಮೂಲಕ ನಿಮ್ಮ ಬೆರಳ ಗೆಣ್ಣು ಸ್ಪಷ್ಟವಾಗಿ ಕಂಡರೆ ಆ ಕಂತು ಮುಗಿಯಿತು. ಸೋಪು, ಪಾತ್ರೆ ತೊಳೆಯುವ ಪುಡಿ ಹತ್ತಿರವೂ ಸುಳಿಯಬಾರದು. ಎಷ್ಟು ಜಾಲಿಸಿದರೂ ಅದರ ಅಂಶ ಉಳಿದುಬಿಡುತ್ತದೆ. ಸಿಂಕಿನಲ್ಲಿ ಬಸಿದರೆ ಕೊಳವೆಯಲ್ಲಿ ಮರಳು ಕಟ್ಟಿಕೊಳ್ಳುತ್ತದೆ, ಆದ್ದರಿಂದ ಆ ನೀರು ಗಿಡಗಳ ಬುಡಕ್ಕೆ ಹೋಗಲಿ. ಹಳೆಯ ತೊಟ್ಟಿಯಿಂದಲೋ ಹೊರಗಿನಿಂದಲೋ ತಂದ ಮರಳಾದರೆ ಸ್ಟೀಲಿನ ಪಾತ್ರೆಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ, ನೀರಿನೊಂದಿಗೆ ಕುದಿಸಿ, ಆರಿಸಿಕೊಳ್ಳುವುದು ಕ್ಷೇಮ.

ಹಾಸುವಾಗ ದೊಡ್ಡ ಬಂಡೆಗಳಿದ್ದರೆ ಅವನ್ನು ಮೊದಲು ತಳದ ಗಾಜಿನ ಮೇಲೆ, ತೆಳು ಫೋಮ್ ಹಾಳೆ ಹಾಕಿ ಭದ್ರವಾಗಿ ಕೂರಿಸಿ. ಮರಳು ಆಮೇಲೆ ಅವುಗಳ ಸುತ್ತ ಬರಬೇಕು. ಮರಳಿನ ಮೇಲೆ ಬಂಡೆಯಿಟ್ಟರೆ ಕೆದಕುವ ಮೀನು ಅಡಿಯನ್ನೇ ತೋಡುತ್ತದೆ, ಬಂಡೆ ಉರುಳಿ ಮೀನು ಸಾಯಬಹುದು, ಗಾಜೂ ಒಡೆಯಬಹುದು. ಮುಂದೆ ಮೂರು, ಹಿಂದೆ ಐದು ಸೆಂಟಿಮೀಟರಿನ ಇಳಿಜಾರು ಕಣ್ಣಿಗೂ ಹಿತ. ಗಿಡ ನೆಡುವವರು ನೆನಪಿಡಿ, ಇಂಥ ಮರಳಿನಲ್ಲಿ ಪೋಷಕಾಂಶವಿಲ್ಲ. ಬೇರಿನಿಂದ ಉಣ್ಣುವ ಗಿಡಗಳ ಬುಡಕ್ಕೆ ಗೊಬ್ಬರದ ಮಾತ್ರೆ ಹುದುಗಿಸಬೇಕು.

ನೀರು ತುಂಬುವಾಗ ಮರಳಿನ ಮೇಲೊಂದು ತಟ್ಟೆಯಿಟ್ಟು ಅದರ ಮೇಲೆ ಸಣ್ಣ ಧಾರೆಯಾಗಿ ಬಿಡಿ. ಹೀಗೆಲ್ಲ ಮಾಡಿದರೂ ಒಂದೆರಡು ದಿನ ನೀರು ಮಂಜಾಗಿರುತ್ತದೆ, ಗಾಬರಿ ಬೇಡ. ಮೇಲೆ ತೇಲುವ ದೂಳಿನ ಪೊರೆಯನ್ನು ಬಿಳಿ ಕಾಗದ ಹಾಸಿ ಎತ್ತಿ ತೆಗೆಯಬಹುದು. ಫಿಲ್ಟರಿನ ಬಾಯಿ ಮರಳಿನಿಂದ ಸಾಕಷ್ಟು ಮೇಲಿರಲಿ. ಜಲ್ಲಿಯ ಅಡಿಯಲ್ಲಿ ಇಡುವ ತಟ್ಟೆ ಫಿಲ್ಟರ್ ಮರಳಿಗೆ ಆಗುವುದಿಲ್ಲ, ಕಟ್ಟಿಕೊಳ್ಳುತ್ತದೆ.

ಮೀನಿರುವ ತೊಟ್ಟಿಯಲ್ಲಿ ಜಲ್ಲಿ ತೆಗೆದು ಮರಳು ಹಾಕುವವರು ಒಂದೇ ದಿನ ಎಲ್ಲವನ್ನೂ ಬದಲಿಸಬೇಡಿ, ಇದನ್ನು ಕೈಮುಗಿದು ಕೇಳುತ್ತೇನೆ. ಮೀನಿನ ತ್ಯಾಜ್ಯದ ಅಮೋನಿಯಾವನ್ನು ನಿಭಾಯಿಸುವ ಬ್ಯಾಕ್ಟೀರಿಯಾಗಳು ಆ ಜಲ್ಲಿಯ ಮೇಲೂ ನೆಲೆಸಿರುತ್ತವೆ. ಮೂರನೇ ಒಂದು ಭಾಗದಂತೆ ವಾರ ಬಿಟ್ಟು ವಾರ ಬದಲಿಸಿ, ಆ ಅವಧಿಯಲ್ಲಿ ಫಿಲ್ಟರ್ ತೊಳೆಯಲು ಹೋಗಬೇಡಿ. ತೊಳೆದ ಮರಳನ್ನು ಅಗಲ ಬಾಯಿಯ ಲೋಟದಲ್ಲಿ ತುಂಬಿ, ತಳದವರೆಗೂ ಮುಳುಗಿಸಿ, ಅಲ್ಲೇ ಮೆಲ್ಲನೆ ಬಗ್ಗಿಸಿದರೆ ನೀರು ಕಲಕುವುದಿಲ್ಲ.

ಮುಂದಿನ ಆರೈಕೆ ಹಗುರ. ಕಸ ಮರಳಿನೊಳಗೆ ಇಳಿಯದೆ ಮೇಲೆಯೇ ಕೂರುವುದರಿಂದ ನೀರನ್ನು ಕಸದ ಸಮೇತ ಹೊರಗೆಳೆಯುವ ಸೈಫನ್ ಕೊಳವೆಯನ್ನು ಮರಳಿನಿಂದ ಎರಡು ಬೆರಳು ಎತ್ತರದಲ್ಲಿ ಆಡಿಸಿದರೆ ಸಾಕು. ಆಳವಾಗಿ ಹಾಸಿದ ಕಡೆ ವಾರಕ್ಕೊಮ್ಮೆ ತೆಳು ಕಡ್ಡಿಯಿಂದ ನಿಧಾನವಾಗಿ ಕೆದಕಿ. ಗಾಜಿನ ಬದಿಯಲ್ಲಿ ಮರಳು ಕಪ್ಪಾಗಿದ್ದು, ಕೆದಕಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಆಮ್ಲಜನಕವಿಲ್ಲದೆ ಹೈಡ್ರೋಜನ್ ಸಲ್ಫೈಡ್ ಹುಟ್ಟಿದೆ ಎಂದರ್ಥ. ಅಂಥ ಜಾಗವನ್ನು ಒಮ್ಮೆಲೇ ಕಲಕದೆ, ಸ್ವಲ್ಪ ಸ್ವಲ್ಪವಾಗಿ ಸೈಫನ್‌ನಿಂದ ಎಳೆದು ತೆಗೆಯಿರಿ. ಮಲೇಷಿಯನ್ ಟ್ರಂಪೆಟ್ ಬಸವನಹುಳು ಮರಳಿನೊಳಗೆ ಓಡಾಡಿ ಈ ಕೆದಕುವ ಕೆಲಸವನ್ನು ತಾನೇ ಮಾಡುತ್ತದೆ, ಆಹಾರ ಅತಿಯಾದರೆ ಮಾತ್ರ ಅದರ ಸಂತಾನ ಮಿತಿಮೀರುತ್ತದೆ. ಪ್ರತಿ ಸಲ ಸೈಫನ್ ಮಾಡಿದಾಗಲೂ ಹಿಡಿಯಷ್ಟು ಮರಳು ಹೊರಗೆ ಬಂದೇ ಬರುತ್ತದೆ. ಬಕೆಟ್ಟಿನ ತಳದಲ್ಲಿ ಉಳಿದದ್ದನ್ನು ಜಾಲಿಸಿ, ಬಿಸಿಲಿಗೆ ಒಣಗಿಸಿ ಒಂದು ಡಬ್ಬಿಯಲ್ಲಿ ಎತ್ತಿಡಿ. ತಳ ತೆಳುವಾದ ಕಡೆ ಅದನ್ನೇ ಮತ್ತೆ ಹಾಕಬಹುದು.