ಅಕ್ಷರ ಅಳಿಸಿ ಶುರು ಮಾಡಿದ ಎಐ ಪಾಠ

ಹಳೆಯ ಬರಹಗಳನ್ನು ಓದಲು ಎಐ ಹೇಗೆ ನೆರವಾಗುತ್ತದೆ ಅಂತ ಹೈಸ್ಕೂಲ್ ಮಕ್ಕಳಿಗೆ ತೋರಿಸಬೇಕಾದಾಗ, ಮೊದಲ ಪೀರಿಯಡ್‌ನಲ್ಲಿ ನಾನು ಕಂಪ್ಯೂಟರ್ ಆನ್ ಮಾಡುವುದೇ ಇಲ್ಲ. ರೋಮನ್ನರ ಸಮಾಧಿ ಕಲ್ಲುಗಳ ಬರಹಗಳನ್ನು ಪ್ರಿಂಟ್ ತೆಗೆದು ಹಂಚುತ್ತೇನೆ, ಅಷ್ಟೇ. ಯಾರಿಗೂ ಲ್ಯಾಟಿನ್ ಬರುವುದಿಲ್ಲ. ಬರದಿದ್ದರೇ ಒಳ್ಳೆಯದು. ನಾಲ್ಕಾರು ಕಲ್ಲು ನೋಡುವಷ್ಟರಲ್ಲಿ ಯಾರಾದರೂ ಹಿಡಿದುಬಿಡುತ್ತಾರೆ: ತುಂಬಾ ಕಲ್ಲುಗಳಲ್ಲಿ ಮೇಲೆ 'ಡಿ ಎಂ' ಅಂತಿದೆ, ಆಮೇಲೆ ಏನೋ ಹೆಸರಿನ ಹಾಗಿದೆ, ಕೆಳಗೆ 'ವಿಕ್ಸಿಟ್ ಆನ್ನಿಸ್', ಅದರ ಪಕ್ಕ ಒಂದು ಸಂಖ್ಯೆ. ಮೊದಲನೆಯದು ಸತ್ತವರ ಆತ್ಮಗಳಿಗೆ ಅರ್ಪಣೆ, ಕೊನೆಯದು ಇಷ್ಟು ವರ್ಷ ಬದುಕಿದ್ದರು ಅಂತ. ಇಷ್ಟು ಹೇಳಿ, ಹೊಸದೊಂದು ಕಲ್ಲಿನ ಬರಹದಲ್ಲಿ ಅಲ್ಲಲ್ಲಿ ಅಕ್ಷರ ಅಳಿಸಿ ಕೊಡುತ್ತೇನೆ. 'ವಿಕ್ಸ್' ಆದಮೇಲೆ ಖಾಲಿ. ಭಾಷೆ ಬರದಿದ್ದರೂ ಪಟ್ಟಂತ ತುಂಬುತ್ತಾರೆ.

ಎಐ ಮಾತು ಬರುವುದು ಆಗ. ಗೂಗಲ್‌ನ ಎಐ ಸಂಸ್ಥೆ ಡೀಪ್‌ಮೈಂಡ್‌ನ ಇಥಾಕಾ (2022, ಗ್ರೀಕ್ ಶಾಸನಗಳಿಗೆ) ಮತ್ತು ಈನಿಯಸ್ (2025, ಲ್ಯಾಟಿನ್‌ಗೆ) ಎಂಬ ಎಐ ಉಪಕರಣಗಳು ಕಳೆದುಹೋದ ಅಕ್ಷರ ತುಂಬಲು ಕಲಿತದ್ದೂ ಹೀಗೇ, ಇರುವ ಅಕ್ಷರವನ್ನು ಬೇಕಂತಲೇ ಮುಚ್ಚಿ ಊಹಿಸುತ್ತಾ. ಈನಿಯಸ್‌ಗಾಗಿ ಕಲೆಹಾಕಿದ್ದು 1,76,000ಕ್ಕೂ ಜಾಸ್ತಿ ಶಾಸನ, ನಮ್ಮ ಮಕ್ಕಳು ನೋಡಿದ್ದು ಬೆರಳೆಣಿಕೆಯಷ್ಟು.

ಮಜಾ ಇರುವುದು ಹೆಸರು ಅಳಿಸಿದಾಗ. ಇಂಥ ಉಪಕರಣ ಒಂದೇ ಉತ್ತರ ಕೊಟ್ಟು ಸುಮ್ಮನಾಗುವುದಿಲ್ಲ, ಹಲವು ಊಹೆಗಳನ್ನು, ಯಾವುದಕ್ಕೆ ಎಷ್ಟು ಸಾಧ್ಯತೆ ಅನ್ನುವುದರ ಜೊತೆ ಮುಂದಿಡುತ್ತದೆ. ಎಲ್ಲರೂ ಬರೆಸುತ್ತಿದ್ದ ಮಾತಾದರೆ ಊಹೆ ಸಲೀಸು. ಆದರೆ ಸತ್ತವನ ಹೆಸರು ಅಪರೂಪದ್ದಾಗಿದ್ದರೆ? ಬಳಕೆಯ ಹೆಸರುಗಳೇ ಮುಂದೆ ಬಂದು ನಿಲ್ಲುವ ಸಂಭವ ಜಾಸ್ತಿ. ಅಳಿಸಿದ್ದು ನಾನೇ ಆದ್ದರಿಂದ ನಿಜವಾದ ಹೆಸರು ನನ್ನ ಹತ್ತಿರ ಇರುತ್ತದೆ, ಅದನ್ನು ಕೊನೆಗೆ ತೋರಿಸುತ್ತೇನೆ.

ಇಥಾಕಾ ಪರೀಕ್ಷೆಯ ಅಂಕಿಗಳನ್ನೂ ಹೇಳುತ್ತೇನೆ. ಕಳೆದ ಅಕ್ಷರ ತುಂಬುವುದರಲ್ಲಿ ಇತಿಹಾಸಕಾರರು ತಾವೇ ಮಾಡಿದಾಗ ಶೇ. 25 ಸರಿ, ಯಂತ್ರ ಒಂದೇ ಮಾಡಿದಾಗ 62, ಯಂತ್ರದ ಊಹೆ ನೋಡಿ ಇತಿಹಾಸಕಾರರು ಮಾಡಿದಾಗ 72. ಆ ಕೊನೆಯ ಹತ್ತು ಎಲ್ಲಿಂದ ಬಂತು ಅಂತ ಮಕ್ಕಳೇ ವಾದ ಮಾಡಲಿ ಅಂತ ಬಿಟ್ಟುಬಿಡುತ್ತೇನೆ.

ಒಬ್ಬ ಹುಡುಗಿ ಕೇಳಿದ ಪ್ರಶ್ನೆ ನನಗೆ ತುಂಬಾ ಹಿಡಿಸಿತು: "ಈ ಕಲ್ಲನ್ನು ಅದು ಮೊದಲೇ ಓದಿರಬಹುದಲ್ವಾ? ಹಾಗಿದ್ದರೆ ಊಹೆ ಎಲ್ಲಿ ಬಂತು, ನೆನಪು ತಾನೇ?" ನೂರಕ್ಕೆ ನೂರು ಸರಿ. ಸಂಶೋಧಕರು ಒಂದಷ್ಟು ಶಾಸನಗಳನ್ನು ಯಂತ್ರಕ್ಕೆ ತೋರಿಸದೆ ಪರೀಕ್ಷೆಗೆ ಅಂತಲೇ ಎತ್ತಿಡುವುದು ಇದಕ್ಕೇ.

ಅಂಕ ಕೊಡುವಾಗ ಮಾತ್ರ ನಾನು ಜಿಪುಣ. ಶಾಸನಗಳನ್ನು ಅಚ್ಚಿಗೆ ಇಳಿಸುವಾಗ ವಿದ್ವಾಂಸರು ಬಳಸುವ ಗುರುತುಗಳ ನಿಯಮ, ಅಂದರೆ 1931ರ ಲೈಡನ್ ಪದ್ಧತಿಯಂತೆ, ಊಹಿಸಿ ತುಂಬಿದ ಅಕ್ಷರ ಚೌಕ ಕಂಸದೊಳಗೇ ಇರಬೇಕು. ಕಂಸ ಇಲ್ಲದಿದ್ದರೆ, ಉತ್ತರ ಸರಿ ಇದ್ದರೂ ಅಂಕ ಇಲ್ಲ.