ಗೆಂಡೆ ಮೀನಿಗೆ ಮೂಳೆಪುಡಿಯ ರಂಜಕ ಯಾಕೆ ಸಾಲದು?

ಮಲೆನಾಡಿನ ಕೃಷಿಹೊಂಡಗಳಲ್ಲಿ ತೌಡು, ಶೇಂಗಾ ಹಿಂಡಿಗೆ ಮಾಂಸ-ಮೂಳೆ ಪುಡಿ ಬೆರೆಸುವವರು ಒಂದು ವಿಷಯ ಗಮನಿಸಬೇಕು. ಚೀಲದ ಮೇಲೆ ರಂಜಕ (ಫಾಸ್ಫರಸ್) ಶೇ. 5 ಅಂತ ಇದ್ದರೂ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗೆ ಅದರಲ್ಲಿ ಸ್ವಲ್ಪವೇ ದಕ್ಕುತ್ತದೆ. ಇವುಗಳಿಗೆ ಜಠರವೇ ಇಲ್ಲ; ಮೂಳೆ ಕರಗಿಸುವ ಆಮ್ಲ ಎಲ್ಲಿಂದ ಬರಬೇಕು? ತಿಲಾಪಿಯಾಕ್ಕೆ ಜಠರವಿದೆ, ಅದು ಹೆಚ್ಚು ಬಳಸಿಕೊಳ್ಳುತ್ತದೆ.

ಆದ್ದರಿಂದ ಗೆಂಡೆಯ 100 ಕೆಜಿ ಮೇವಿಗೆ 1.5 ಕೆಜಿ ಮೊನೊಕ್ಯಾಲ್ಸಿಯಂ ಫಾಸ್ಫೇಟ್ (ಸುಲಭವಾಗಿ ದಕ್ಕುವ ರಂಜಕದ ಲವಣ) ಹಾಕಿ. ಡೈಕ್ಯಾಲ್ಸಿಯಂ ಫಾಸ್ಫೇಟ್ ಅಗ್ಗವೆಂದು ತರಬೇಡಿ, ಗೆಂಡೆಗೆ ಅದು ಅರ್ಧದಷ್ಟೂ ದಕ್ಕುವುದಿಲ್ಲ. ರಂಜಕ ಕಡಿಮೆಯಾದರೆ ಬೆಳವಣಿಗೆ ಕುಂಠಿತ, ತಲೆಮೂಳೆ ಸೊಟ್ಟ.

ಸತುವಿನದು ಇನ್ನೊಂದು ಪೇಚು. ಮೂಳೆಯ ಕ್ಯಾಲ್ಸಿಯಂ-ರಂಜಕ, ತೌಡಿನ ಫೈಟೇಟ್ (ಕಾಳು-ತೌಡಿನಲ್ಲಿ ರಂಜಕ ಅಡಗಿರುವ ರೂಪ) ಎರಡೂ ಸೇರಿ ಸತುವನ್ನು ಹಿಡಿದಿಡುತ್ತವೆ. ಕಣ್ಣಿಗೆ ಪೊರೆ ಬಂದರೆ, ರೆಕ್ಕೆ ಸವೆದರೆ ಸತುವಿನ ಕೊರತೆಯನ್ನೂ ಅನುಮಾನಿಸಿ. 100 ಕೆಜಿಗೆ 30 ಗ್ರಾಂ ಮೇವಿನ ದರ್ಜೆಯ ಸತುವಿನ ಸಲ್ಫೇಟ್ ಸಾಕು. ಮೊದಲು 1 ಕೆಜಿ ತೌಡಿನಲ್ಲಿ, ಆಮೇಲೆ 10 ಕೆಜಿಯಲ್ಲಿ, ಕೊನೆಗೆ ಪೂರ್ತಿ ರಾಶಿಯಲ್ಲಿ ಕಲಸಿ. ನೇರ ಸುರಿದರೆ ಒಂದೇ ಕಡೆ ಗಂಟಾಗುತ್ತದೆ. ಅಡಿಕೆಗೆ ತಂದ ಮೈಲುತುತ್ತದ ಚೀಲ ಹತ್ತಿರದಲ್ಲೇ ಇದ್ದರೆ ದೂರವಿಡಿ, ಅದು ಸತುವಲ್ಲ, ತಾಮ್ರ.