ಎಕ್ಸ್86ನಲ್ಲಿ ಸರಿ, ಉಳಿದ ಕಡೆ? ಕರ್ನಲ್ ಪ್ಯಾಚ್ ಪರಿಶೀಲನೆಯ ನನ್ನ ಅನುಭವ

ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಡ್ರೈವರ್‌ಗಳಿಗೆ ಬರುವ ಪ್ಯಾಚ್‌ಗಳನ್ನು, ಅಂದರೆ ಕೋಡ್ ತಿದ್ದುಪಡಿಗಳನ್ನು, ಪರಿಶೀಲಿಸುವಾಗ ನಾನು ತರ್ಕಕ್ಕಿಂತ ಮೊದಲು ಡೇಟಾ ಟೈಪ್‌ಗಳನ್ನು ನೋಡುತ್ತೇನೆ. ಬರೆದವರು ಹೆಚ್ಚಾಗಿ ಎಕ್ಸ್86 (ಸಾಮಾನ್ಯ ಪಿಸಿಗಳಲ್ಲಿರುವ ಇಂಟೆಲ್, ಎಎಂಡಿ ಪ್ರೊಸೆಸರ್ ಬಗೆ) ಯಂತ್ರದಲ್ಲಿ ಮಾತ್ರ ಪರೀಕ್ಷಿಸಿರುತ್ತಾರೆ. ಬೇರೆ ಪ್ರೊಸೆಸರ್‌ಗಳು ಒಪ್ಪದ ಎಷ್ಟೋ ಸಡಿಲತನಗಳನ್ನು ಅದು ಸಹಿಸಿಕೊಂಡು ಹೋಗುತ್ತದೆ.

ಬಿಲ್ಡ್ ಆಗದ ಪ್ಯಾಚ್‌ಗಳ ಬಗ್ಗೆ ನನಗೆ ಹೆಚ್ಚು ಚಿಂತೆಯಿಲ್ಲ. 64 ಬಿಟ್ ಸಂಖ್ಯೆಗಳನ್ನು ನೇರವಾಗಿ ಭಾಗಿಸಿದರೆ ಮೊಬೈಲ್‌ಗಳಲ್ಲಿ ಕಾಣುವ ಆರ್ಮ್ ಪ್ರೊಸೆಸರ್‌ನ 32 ಬಿಟ್ ಬಗೆಗಾಗಿ ಕಂಪೈಲರ್ ಒಂದು ಲೈಬ್ರರಿ ಫಂಕ್ಷನ್ನನ್ನು ಕರೆಯುತ್ತದೆ. ಕರ್ನಲ್‌ನಲ್ಲಿ ಆ ಫಂಕ್ಷನ್ ಇಲ್ಲದ್ದರಿಂದ ಕೋಡ್‌ನ ತುಣುಕುಗಳನ್ನು ಜೋಡಿಸುವ ಲಿಂಕರ್ ಅಲ್ಲಿಯೇ ತಡೆಯುತ್ತದೆ. ಕರ್ನಲ್‌ನದೇ ಭಾಗಾಕಾರದ ಫಂಕ್ಷನ್ ಬಳಸಿ ಎಂದು ಒಂದು ಸಾಲು ಬರೆದರೆ ಕೆಲಸ ಮುಗಿಯಿತು.

ಕಷ್ಟವಿರುವುದು ಸದ್ದಿಲ್ಲದೆ ಬಿಲ್ಡ್ ಆಗಿ, ಓಡುವಾಗ ತಪ್ಪುವ ಕೋಡ್‌ನಲ್ಲಿ. ಒಂದು ಸ್ಟ್ರಕ್ಟ್‌ನಲ್ಲಿ (ಹಲವು ಮೌಲ್ಯಗಳನ್ನು ಒಟ್ಟಿಗಿಡುವ ರಚನೆಯಲ್ಲಿ) ಮೊದಲು 32 ಬಿಟ್‌ನ ಫ್ಲ್ಯಾಗ್, ಅದರ ಬೆನ್ನಿಗೇ 32 ಬಿಟ್‌ನ ಕ್ಯೂ ಉದ್ದ ಇದೆ ಎಂದುಕೊಳ್ಳೋಣ. ಒಂದು ಬಿಟ್ಟನ್ನು 1 ಮಾಡುವ ಸೆಟ್‌ಬಿಟ್ ಫಂಕ್ಷನ್ನಿಗೆ ಅನ್‌ಸೈನ್ಡ್ ಲಾಂಗ್ (64 ಬಿಟ್ ಯಂತ್ರದಲ್ಲಿ 64 ಬಿಟ್‌ನ ಸಂಖ್ಯೆ) ಪಾಯಿಂಟರ್ ಬೇಕಾದ್ದರಿಂದ, ಬರೆದವರು ಫ್ಲ್ಯಾಗಿನ ವಿಳಾಸವನ್ನು ಕಾಸ್ಟ್ ಮಾಡಿ, ಅಂದರೆ ಆ ಟೈಪ್‌ನದೇ ಎಂದು ನಂಬಿಸಿ, ಕೊಟ್ಟಿರುತ್ತಾರೆ. ಎಕ್ಸ್86ನಲ್ಲಿ ಸೊನ್ನೆಯ ಬಿಟ್ ಮೊದಲ ಬೈಟ್‌ನಲ್ಲಿರುವುದರಿಂದ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ ಐಬಿಎಂ ಮೇನ್‌ಫ್ರೇಮ್‌ಗಳ ಎಸ್390 64 ಬಿಟ್‌ನ ಬಿಗ್ ಎಂಡಿಯನ್ ಯಂತ್ರ, ಅಂದರೆ ಸಂಖ್ಯೆಯ ದೊಡ್ಡ ತುದಿಯ ಬೈಟ್ ಮೊದಲು ಬರುವಂಥದ್ದು. ಅಲ್ಲಿ ಸೊನ್ನೆಯ ಬಿಟ್ ಎಂಟನೆಯ ಬೈಟ್‌ಗೆ, ಅಂದರೆ ಪಕ್ಕದ ಕ್ಯೂ ಉದ್ದದೊಳಗೆ ಹೋಗಿ ಬೀಳುತ್ತದೆ. ಫ್ಲ್ಯಾಗ್ ಹಾಗೆಯೇ ಉಳಿಯುತ್ತದೆ, 64 ಇದ್ದ ಉದ್ದ 65 ಆಗುತ್ತದೆ. ಎಂಡಿಯನ್ ಗುರುತಿರುವ ಟೈಪ್‌ಗಳು ಬೆರೆತರೆ ಕೋಡ್ ತಪಾಸಣೆಯ ಸಾಧನವಾದ ಸ್ಪಾರ್ಸ್ ಎಚ್ಚರಿಸುತ್ತದೆ, ಆದರೆ ಇಲ್ಲಿ ಅಂಥ ಟೈಪ್ ಯಾವುದೂ ಇಲ್ಲದ್ದರಿಂದ ಅದೂ ಸುಮ್ಮನಿರುತ್ತದೆ. ಹೀಗಾಗಿ ಪಾಯಿಂಟರ್ ಕಾಸ್ಟ್ ಕಂಡಲ್ಲೆಲ್ಲ ನಾನು ನಿಂತು ಬೈಟ್‌ಗಳನ್ನು ಎಣಿಸುತ್ತೇನೆ. ಅನುಮಾನ ಉಳಿದರೆ ಬೇರೆ ಯಂತ್ರಗಳನ್ನು ಅನುಕರಿಸುವ ಕ್ಯೂಇಎಂಯು ತಂತ್ರಾಂಶದಲ್ಲಿ ಎಸ್390 ಬೂಟ್ ಮಾಡಿ ಓಡಿಸಿ ನೋಡುತ್ತೇನೆ.

ಮೆಮೊರಿ ಪುಟದ ಗಾತ್ರ 4096 ಬೈಟ್ ಎಂದು ನೇರವಾಗಿ ಬರೆದಿದ್ದರೆ ಹಿಂದಿರುಗಿಸುತ್ತೇನೆ, ಏಕೆಂದರೆ ಆರ್ಮ್64ನಲ್ಲಿ ಅದು 16 ಅಥವಾ 64 ಕಿಲೋಬೈಟ್ ಸಹ ಇರಬಹುದು. ಕ್ಯಾರ್ ಟೈಪ್‌ನಲ್ಲಿ ಋಣ ಸಂಖ್ಯೆ ಇರಬಹುದೇ ಇಲ್ಲವೇ ಎಂಬ ಗೊಂದಲ ಮೊದಲಿನಷ್ಟಿಲ್ಲ, 2023ರ 6.2 ಆವೃತ್ತಿಯಿಂದ ಕರ್ನಲ್ ಅದನ್ನು ಎಲ್ಲ ಆರ್ಕಿಟೆಕ್ಚರ್‌ಗಳಲ್ಲೂ ಅನ್‌ಸೈನ್ಡ್ ಎಂದೇ ಕಂಪೈಲ್ ಮಾಡುತ್ತದೆ. ತಡವಾಗಿ ಬಂದರೂ ಒಳ್ಳೆಯ ನಿರ್ಧಾರ.

ಮೆಮೊರಿ ಆರ್ಡರಿಂಗ್, ಅಂದರೆ ಒಂದು ಸಿಪಿಯು ಬರೆದದ್ದು ಬೇರೆ ಸಿಪಿಯುಗಳಿಗೆ ಕಾಣುವ ಕ್ರಮ, ಪರೀಕ್ಷಿಸಲು ಕ್ಯೂಇಎಂಯು ಸಾಲದು. ಒಂದು ಸಿಪಿಯು ಮೊದಲು ಡೇಟಾ ಬರೆದು ಆಮೇಲೆ ‘ಸಿದ್ಧ’ ಎಂಬ ಫ್ಲ್ಯಾಗನ್ನು 1 ಮಾಡಿದರೆ, ಎಕ್ಸ್86ನಲ್ಲಿ ಉಳಿದ ಸಿಪಿಯುಗಳಿಗೂ ಅದೇ ಕ್ರಮ ಕಾಣುತ್ತದೆ; ಆರ್ಮ್64ನಲ್ಲಿ ಫ್ಲ್ಯಾಗ್ ಮೊದಲು ಕಂಡು, ಓದುವವರ ಕೈಗೆ ಹಳೆಯ ಡೇಟಾ ಸಿಗಬಹುದು. ಎಕ್ಸ್86 ಲ್ಯಾಪ್‌ಟಾಪ್‌ನಲ್ಲಿ ಆರ್ಮ್ ಅನ್ನು ಎಮ್ಯುಲೇಟ್ ಮಾಡಿದರೆ ಕೆಳಗಿನ ಯಂತ್ರದ ಕಟ್ಟುನಿಟ್ಟು ಕ್ರಮವೇ ಇಂಥ ದೋಷವನ್ನು ಬಹುಮಟ್ಟಿಗೆ ಮರೆಮಾಡುತ್ತದೆ. ನಿಜವಾದ ಆರ್ಮ್ ಬೋರ್ಡ್‌ನಲ್ಲಿ ಸಹ ಅದು ಯಾವಾಗಲೋ ಒಮ್ಮೆ ಕಾಣಿಸಿಕೊಳ್ಳುವಂಥದ್ದು, ಆದ್ದರಿಂದ ಪರೀಕ್ಷೆ ಪಾಸಾಯಿತು ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ಈ ಕ್ರಮ ಕಾಯುವ ಕರೆಗಳಾದ ಬರೆಯುವ ಬದಿಯ ಸ್ಟೋರ್ ರಿಲೀಸ್, ಓದುವ ಬದಿಯ ಲೋಡ್ ಅಕ್ವೈರ್ ಎರಡೂ ಇವೆಯೇ ಎಂದು ಜೋಡಿ ಹುಡುಕುತ್ತೇನೆ. ಯಾವುದಕ್ಕೆ ಯಾವುದು ಜೋಡಿ ಎಂದು ಕೋಡ್‌ನ ಕಾಮೆಂಟ್‌ನಲ್ಲಿಯೇ ಬರೆಯಲು ಕೇಳುತ್ತೇನೆ. ಆ ಕಾಮೆಂಟ್ ಬರುವವರೆಗೆ ಪ್ಯಾಚ್‌ಗೆ ನನ್ನ ಒಪ್ಪಿಗೆಯ ಸಾಲು ಹಾಕುವುದಿಲ್ಲ.